ಹನ್ನೊಂದನೆಯವಳು

ಮೂರು ವಾರದ ಹಿಂದಿನ ಸೋಮವಾರ. ಮೊಣಕಾಲು ತೋರಿಸಲು ನನ್ನ ಕ್ಲಿನಿಕ್ಕಿಗೆ ಬಂದ ಶಾರದಾ ಆಂಟಿ, ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

ನನ್ನ ಎಡಗಣ್ಣಿನ ಸುತ್ತ ನೇರಳೆ ಬಣ್ಣ. ಕೆನ್ನೆಯ ಮೇಲೊಂದು ಗೀರು. ಕೆಳದುಟಿ ಒಂದು ಕಡೆ ಊದಿಕೊಂಡಿತ್ತು.

ಆಂಟಿ ಒಳಗೆ ಬಂದರು. ಬಾಗಿಲು ಹಾಕಿದರು. ದನಿ ತಗ್ಗಿಸಿದರು.

“ಜಯಶ್ರೀ, ಮನೇಲಿ ಎಲ್ಲ ಸರಿಯಾಗಿದೆ ತಾನೇ?”

“ಸರಿಯಾಗಿದೆ ಆಂಟಿ.”

“ಪ್ರಕಾಶ್ ಒಳ್ಳೆಯವನು ಅಂತಲೇ ನಾವೆಲ್ಲ ಅಂದ್ಕೊಂಡಿದ್ವಿ.”

“ಅಯ್ಯೋ, ಪ್ರಕಾಶ್ ಏನೂ ಮಾಡಿಲ್ಲ ಆಂಟಿ. ಇದು ರಗ್ಬಿ ಆಡುವಾಗ ಆಗಿದ್ದು!”

ಆಂಟಿ ನನ್ನ ಎರಡೂ ಕೈ ಹಿಡಿದುಕೊಂಡರು. “ಮೊದಮೊದಲು ಎಲ್ಲರೂ ಏನಾದ್ರೂ ಒಂದು ಹೇಳ್ತಾರಮ್ಮ. ಬಾತ್‌ರೂಮಲ್ಲಿ ಜಾರಿದೆ ಅಂತಾರೆ. ಬಾಗಿಲು ಬಡೀತು ಅಂತಾರೆ. ರಗ್ಬಿ ಅಂದವಳು ನೀನೇ ಮೊದಲು.”

ಹೋಗುವಾಗ ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದು ಟೇಬಲ್ ಮೇಲಿಟ್ಟು ಹೋದರು. ಹೆಂಗಸರಿಗೆ ಸಹಾಯ ಮಾಡುವ ಸಂಸ್ಥೆಯೊಂದರ ನಂಬರ್. ನಗಬೇಕೆಂದುಕೊಂಡೆ, ನಗು ಬರಲಿಲ್ಲ. ಎಷ್ಟು ಜನ ಹೆಂಗಸರಿಗಾಗಿ ಆಂಟಿ ಆ ನಂಬರನ್ನು ಬಾಯಿಪಾಠ ಮಾಡಿಕೊಂಡಿದ್ದಾರೋ!

ಆಂಟಿ ನಂಬದೇ ಇದ್ದದ್ದರಲ್ಲಿ ತಪ್ಪೇನೂ ಇಲ್ಲ. ನನಗೆ ನಲವತ್ತೆರಡು. ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ಮನೆ, ಕ್ಯಾರಲ್ಟನ್‌ನಲ್ಲಿ ಫಿಸಿಯೋಥೆರಪಿ ಕ್ಲಿನಿಕ್. ಹುಬ್ಬಳ್ಳಿಯಲ್ಲಿ ಓದುವಾಗ ನಾನು ಆಡಿದ ಒಂದೇ ಆಟ ಕೇರಂ. ಆಗಸ್ಟ್ ತಿಂಗಳವರೆಗೆ ನಾನು ಯಾರನ್ನೂ ಬೇಕೆಂದು ಕೆಡವಿದವಳಲ್ಲ.

ಆಗಸ್ಟ್‌ನಲ್ಲಿ ಜೋ ಬಂದಳು.

ಜೋ ಅರವತ್ತಮೂರು ವರ್ಷದ ಹೆಂಗಸು. ದನದ ಡಾಕ್ಟರಾಗಿ ನಿವೃತ್ತಿ ಆದವಳು. ಮೂವತ್ತು ವರ್ಷ ಹಸುಗಳಿಗೆ ಹೆರಿಗೆ ಮಾಡಿಸಿ ಬಲಗೈ ಭುಜ ಸವೆದುಹೋಗಿತ್ತು. ಡಲ್ಲಾಸ್‌ನಿಂದ ಉತ್ತರಕ್ಕೆ, ನಮ್ಮ ಮನೆಯಿಂದ ಒಂದು ಗಂಟೆ ಡ್ರೈವ್ ಮಾಡಿದರೆ ಸಿಗುವ ಸಣ್ಣ ಊರಿನವಳು. ಒಂದು ಪೆಟ್ರೋಲ್ ಬಂಕು, ಎರಡು ಚರ್ಚು, ಒಂದು ನೀರಿನ ಟ್ಯಾಂಕು. ಅಷ್ಟೇ ಊರು.

ಮೊದಲ ದಿನವೇ ನಾನು ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳಿದೆ. “ಈ ಕೈಯಿಂದ ಯಾವ ಕೆಲಸ ಮಾಡೋಕೆ ಆಗ್ತಿಲ್ಲ?”

“ಗೋಲ್ ಕಂಬಕ್ಕೆ ಬಣ್ಣ ಹೊಡೆಯೋಕೆ ಆಗ್ತಿಲ್ಲ” ಅಂದಳು.

ಹಾಗೆ ಗೊತ್ತಾಯಿತು. ಅವಳೂ ಅವಳ ಗಂಡನೂ ಸೇರಿ ತಮ್ಮ ಹುಲ್ಲುಗಾವಲಿನಲ್ಲೇ ಒಂದು ರಗ್ಬಿ ಕ್ಲಬ್ ಕಟ್ಟಿದ್ದರು. ಎಣ್ಣೆ ಬಾವಿಯ ಹಳೆಯ ಪೈಪುಗಳನ್ನು ಗಂಡನೇ ವೆಲ್ಡ್ ಮಾಡಿ ಗೋಲ್ ಕಂಬ ನಿಲ್ಲಿಸಿದ್ದ. ಗಂಡ ತೀರಿಕೊಂಡ. ಗಂಡಸರ ಟೀಮು ಮುಚ್ಚಿತು. ಹೆಂಗಸರ ಟೀಮನ್ನು ಮಾತ್ರ ಜೋ ಬಿಡದೆ ನಡೆಸಿಕೊಂಡು ಬಂದಿದ್ದಳು.

ಈ ಬೇಸಿಗೆಯಲ್ಲಿ ಅದೂ ಖಾಲಿಯಾಯಿತು. ಡಲ್ಲಾಸ್‌ನಲ್ಲಿ ಹೊಸ ಕ್ಲಬ್ ಶುರುವಾಗಿತ್ತು. ಕೃತಕ ಹುಲ್ಲು, ದೊಡ್ಡ ದೀಪಗಳು, ಬಿಸಿನೀರಿನ ಶವರ್. ಒಂದೇ ವಾರದಲ್ಲಿ ಅವಳ ಟೀಮಿನ ಹತ್ತು ಜನ ಅಲ್ಲಿಗೆ ಶಿಫ್ಟ್ ಆದರು. ಅವರನ್ನು ಬೈಯುವುದು ಹೇಗೆ? ನಾನೇ ಆಗಿದ್ದರೂ ಹೋಗುತ್ತಿದ್ದೆ. ಉಳಿದವರು ಆರು.

“ಹಾಗಾದ್ರೆ ಮುಚ್ಚಿಬಿಡಬಹುದಲ್ಲ?” ಎಂದೆ. ಭುಜ ಒತ್ತುತ್ತಾ ಸುಮ್ಮನೆ ಆಡಿದ ಮಾತು.

ಜೋ ಮುಖ ಕಿವುಚಿದಳು. ನೋವಿಗೋ ನನ್ನ ಮಾತಿಗೋ ತಿಳಿಯಲಿಲ್ಲ. “ಮುಚ್ಚೋದಕ್ಕೆ ಯಾರೂ ಬೇಕಾಗಿಲ್ಲ. ಅದು ತಾನಾಗೇ ಆಗುತ್ತೆ. ನಾನು ಈ ವರ್ಷ ಮತ್ತೆ ಕಟ್ತೀನಿ. ನಿನಗೆ ಶನಿವಾರ ರಜಾ ತಾನೇ?”

ಆಟದ ದಿನ ಗಾಯ ನೋಡಿಕೊಳ್ಳಲು ತಿಳಿದವರೊಬ್ಬರು ಮೈದಾನದ ಪಕ್ಕ ಇರಲೇಬೇಕಂತೆ. ಒಪ್ಪಿಕೊಂಡೆ. ಒಂದು ಫಾರ್ಮ್ ಕೊಟ್ಟು ಸೈನ್ ಮಾಡು ಅಂದಳು, ಮಾಡಿದೆ. ಅದು ಆಟಗಾರ್ತಿಯರ ಫಾರ್ಮ್ ಎಂದು ಆಮೇಲೆ ತಿಳಿಯಿತು. (ಓದದೆ ಸೈನ್ ಮಾಡಬೇಡ ಎಂದು ಪ್ರಕಾಶ್ ಹದಿನಾರು ವರ್ಷದಿಂದ ಹೇಳುತ್ತಲೇ ಇದ್ದಾನೆ.)

ರಗ್ಬಿ ಗೊತ್ತಿಲ್ಲದವರಿಗೆ ಎರಡು ಮಾತು. ಮೊಟ್ಟೆಯಾಕಾರದ ಚೆಂಡು. ಅದನ್ನು ಹಿಡಿದು ಓಡಿ, ಎದುರಾಳಿಗಳ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ ಐದು ಪಾಯಿಂಟು, ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೆರಡು. ಓಡುವವಳನ್ನು ಅಪ್ಪಿ ಕೆಡವಬೇಕು, ಅದಕ್ಕೆ ಟ್ಯಾಕಲ್ ಎಂದು ಹೆಸರು. ಇಲ್ಲಿನ ಅಮೆರಿಕನ್ ಫುಟ್‌ಬಾಲ್‌ನವರ ಹಾಗೆ ಹೆಲ್ಮೆಟ್ ಇಲ್ಲ, ಭುಜಕ್ಕೆ ದಿಂಬಿಲ್ಲ. ಹಲ್ಲಿಗೊಂದು ರಬ್ಬರ್ ತುಂಡು, ಉಳಿದದ್ದು ದೇವರ ದಯೆ. ಒಂದು ಕಡೆಗೆ ಹದಿನೈದು ಜನ. ನಮ್ಮ ಲೀಗಿನಲ್ಲಿ ಹನ್ನೊಂದು ಜನರಿದ್ದರೂ ಆಡಲು ಬಿಡುತ್ತಾರೆ. ಹತ್ತಕ್ಕೆ ಇಳಿದರೆ ಆಟ ಬಿಟ್ಟುಕೊಟ್ಟಂತೆ. ಒಂದು ಸೀಸನ್ನಿನಲ್ಲಿ ಎರಡು ಸಲ ಬಿಟ್ಟುಕೊಟ್ಟರೆ ಕ್ಲಬ್ ಲೀಗಿನಿಂದ ಹೊರಗೆ.

ಹನ್ನೊಂದು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ, ಎಂಟು ಶನಿವಾರ, ಜೋಗೆ ಬೇಕಾಗಿದ್ದದ್ದು ಅಷ್ಟೇ.

ಮೊದಲ ಆಟ ನಮ್ಮ ಹುಲ್ಲುಗಾವಲಿನಲ್ಲೇ, ಡಲ್ಲಾಸ್‌ನ ಆ ಹೊಸ ಕ್ಲಬ್ಬಿನ ಜೊತೆಗೇ. ಬಿಟ್ಟುಹೋದ ಹತ್ತು ಜನರೂ ಹೊಸ ಜೆರ್ಸಿ ಹಾಕಿಕೊಂಡು ಬಂದಿಳಿದರು. ಜೋ ಒಬ್ಬೊಬ್ಬರನ್ನೂ ಅಪ್ಪಿಕೊಂಡಳು. ನಮ್ಮ ಕಡೆ ಹನ್ನೆರಡು ಜನ, ಅದರಲ್ಲಿ ನಾಲ್ವರು ಚೆಂಡನ್ನು ಮೊದಲ ಸಲ ಮುಟ್ಟುತ್ತಿದ್ದವರು. ನೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಕಾಲಿಗೆ ಕಚ್ಚುವ ಕೆಂಪಿರುವೆ, ತಂತಿ ಬೇಲಿಯಾಚೆ ನಿಂತು ನೋಡುವ ದನಗಳು. ಎಪ್ಪತ್ತೊಂದು–ಸೊನ್ನೆ. ಸೊನ್ನೆ ಯಾರದ್ದು ಎಂದು ಹೇಳಬೇಕಿಲ್ಲವಲ್ಲ?

ಎರಡನೆಯದು ಆಸ್ಟಿನ್‌ನಲ್ಲಿ. ಬೆಳಿಗ್ಗೆ ವ್ಯಾನ್ ಹತ್ತಿದವರನ್ನು ಕ್ಯಾಪ್ಟನ್ ಕೇಯ್ಲಾ ಬೆರಳು ಮಾಡಿ ಎಣಿಸಿದಳು. ಕೇಯ್ಲಾಳಿಗೆ ಇಪ್ಪತ್ತೇಳು, ಜೋ ಊರಿನ ಸ್ಕೂಲ್ ಬಸ್ಸಿನ ಡ್ರೈವರ್. ಹತ್ತು ಜನ. ಅವಳು ಇನ್ನೊಂದು ಸಲ ಎಣಿಸಿದಳು. ಮತ್ತೂ ಹತ್ತೇ. ಆಮೇಲೆ ಹಿಂದಿನ ಸೀಟಿನಲ್ಲಿ ಬ್ಯಾಂಡೇಜಿನ ಬ್ಯಾಗು ತಬ್ಬಿಕೊಂಡು ಕೂತಿದ್ದ ನನ್ನತ್ತ ತಿರುಗಿದಳು. ಅವರ ಬಾಯಲ್ಲಿ ಜಯಶ್ರೀ ಬರೀ ಜೇ.

“ಜೇ, ನಿನ್ನ ಶೂ ಸೈಜ್ ಎಷ್ಟು?”

ಹನ್ನೊಂದನೆಯವಳಾಗಿ ನಾನು ಮೈದಾನಕ್ಕಿಳಿದದ್ದು ಹೀಗೆ. ಮೂಲೆಯಲ್ಲಿ ಸುಮ್ಮನೆ ನಿಂತರೆ ಸಾಕು ಅಂದಿದ್ದರು. ಅರ್ಧ ಗಂಟೆ ನಿಂತೆ. ಆಮೇಲೆ ಚೆಂಡು ಹಿಡಿದ ಒಬ್ಬ ಎತ್ತರದ ಹುಡುಗಿ ನೇರವಾಗಿ ನನ್ನ ಕಡೆಗೇ ಓಡಿಬಂದಳು.

ನಾನೇನು ಮಾಡಿದೆ ಗೊತ್ತೇ? ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಬಾಯಲ್ಲಿ “ಸಾರಿ” ಎಂದೂ ಅಂದೆ!

ಇಂಡಿಯನ್ ಸ್ಟೋರಿನಲ್ಲಿ ಕಾರ್ಟ್ ತಳ್ಳುವಾಗ ಎದುರು ಯಾರಾದರೂ ಬಂದರೆ ಹೇಗೆ ಸರಿಯುತ್ತೇವೋ, ಹಾಗೆ. ಹದಿನಾರು ವರ್ಷ ಈ ದೇಶದಲ್ಲಿ ನಾನು ಕಲಿತ ವಿದ್ಯೆಯೇ ಅದು. ಸರಿಯುವುದು. ಯಾರಿಗೂ ತಗುಲದ ಹಾಗೆ, ಯಾರ ಕಣ್ಣಿಗೂ ಬೀಳದ ಹಾಗೆ, ನೀವು ಮೊದಲು ಹೋಗಿ ಎಂದು ನಗುವುದು. ಅದನ್ನು ಒಳ್ಳೆಯತನ ಎಂದುಕೊಂಡಿದ್ದೆ. ಅವತ್ತು ಆಸ್ಟಿನ್‌ನಲ್ಲಿ, ನನ್ನ ಹಿಂದೆ ಯಾರೂ ಇಲ್ಲದ ಜಾಗದಲ್ಲಿ, ಅದು ಏನೆಂದು ಕಂಡಿತು.

ಯಾರೂ ಬೈಯಲಿಲ್ಲ. ಅರವತ್ತನಾಲ್ಕು–ಸೊನ್ನೆಯಲ್ಲಿ ಸೋತು ಬಂದ ಮೇಲೆ ಜೋ ನನ್ನ ಪಕ್ಕ ಕೂತಳು. “ಮುಂದಿನ ಸಲ ಹಿಡೀಬೇಕು ಅಂತೇನೂ ಇಲ್ಲ. ದಾರಿಯಲ್ಲಿ ನಿಂತ್ಕೋ. ಅಷ್ಟು ಮಾಡು.”

ಮುಂದಿನ ಮಂಗಳವಾರ ಪ್ರಾಕ್ಟೀಸಿಗೆ ಹೋದೆ. ಗುರುವಾರವೂ ಹೋದೆ. ಯಾಕೆ ಎಂದು ಪ್ರಕಾಶ್ ಕೇಳಿದ. ಶೂ ಕಟ್ಟಿಕೊಂಡು ಕಾರು ಹತ್ತಿದೆ. ಹುಲ್ಲಿನ ಉರುಳೆಗಳನ್ನು ಅಪ್ಪಿ ಕೆಡವುವುದನ್ನು ಜೋ ಹೇಳಿಕೊಟ್ಟಳು. ತಲೆ ಎಲ್ಲಿಡಬೇಕು, ಭುಜ ಎಲ್ಲಿಡಬೇಕು, ಬೀಳುವುದು ಹೇಗೆ. ಮನೆಗೆ ಬಂದರೆ ತಲೆಗೂದಲ ತುಂಬ ಹುಲ್ಲು.

ಅಕ್ಟೋಬರ್‌ನಲ್ಲಿ ನಮ್ಮವ್ವ ಹುಬ್ಬಳ್ಳಿಯಿಂದ ಆರು ತಿಂಗಳಿಗೆಂದು ಬಂದಳು. ಬಂದ ಎರಡನೇ ದಿನವೇ ನನ್ನ ಮೊಣಕೈಯ ತರಚು ಕಂಡಿತು.

“ಏನವಾ ಇದು? ಈ ವಯಸ್ಸಿನ್ಯಾಗ ಬಿದ್ದೇಳೋ ಆಟ ಬೇಕಾಗಿತ್ತೇನ ನಿನಗ? ಹಲ್ಲು ಮುರಕೊಂಡ್ರ ನಾ ನಿಮ್ಮಪ್ಪಗ ಏನಂತ ಹೇಳ್ಲಿ?”

ಪ್ರಕಾಶ್ ಮೈಸೂರಿನವನು, ಜಗಳವಾಡುವುದಿಲ್ಲ. “ಅತ್ತೆ, ನಾನು ಹೇಳಿ ಸಾಕಾಯ್ತು. ನೀವೇ ಸ್ವಲ್ಪ ಬುದ್ಧಿ ಹೇಳಿ” ಅಂದು, ಮಂಗಳವಾರ ಗುರುವಾರದ ಅಡುಗೆಯನ್ನು ಮಾತ್ರ ತಾನೇ ವಹಿಸಿಕೊಂಡ. ಹದಿನಾಲ್ಕು ವರ್ಷದ ಮಗಳು ಅನ್ವಿಗೆ ನಾನು ಕನ್ನಡದಲ್ಲಿ ಕೇಳಿದೆ, “ನಿನಗೇನು ಅನ್ಸುತ್ತೆ ಪುಟ್ಟಾ?” ಅವಳು ಫೋನಿನಿಂದ ತಲೆ ಎತ್ತದೆ ಅಂದಳು, “ಪ್ಲೀಸ್ ಡೋಂಟ್ ವೇರ್ ದೋಸ್ ಶಾರ್ಟ್ಸ್ ಟು ಮೈ ಸ್ಕೂಲ್.”

ಸೋಲುವುದು ನಡೆದೇ ಇತ್ತು. ಐವತ್ತೈದು. ನಲವತ್ತೆಂಟು. ಸೋಲು ಇಳಿಯುತ್ತಿರುವುದನ್ನು ಕೇಯ್ಲಾ ವ್ಯಾನಿನ ಧೂಳು ಹಿಡಿದ ಗಾಜಿನ ಮೇಲೆ ಬರೆಯುತ್ತಿದ್ದಳು.

ಈಗ ಹೇಳಲು ಕಷ್ಟವಾಗುವ ಭಾಗ.

ಐದನೆಯ ಆಟದ ಶನಿವಾರವೇ ನಮ್ಮ ಕನ್ನಡ ಕೂಟದ ರಾಜ್ಯೋತ್ಸವ. ಅನ್ವಿಯ ಡ್ಯಾನ್ಸ್ ಇತ್ತು, ನನ್ನ ನಿರೂಪಣೆ ಇತ್ತು. ಮಗಳ ಕಾರ್ಯಕ್ರಮ ಬಿಡಲು ಆಗುತ್ತದೆಯೇ? ಜೋಗೆ ಹೇಳಿದೆ. “ಖಂಡಿತ ಹೋಗು, ನಾವು ಹೇಗಾದ್ರೂ ಹನ್ನೊಂದು ಮಾಡ್ಕೋತೀವಿ” ಅಂದಳು. ರೇಷ್ಮೆ ಸೀರೆ ಉಟ್ಟು, ಮೈಕ್ ಹಿಡಿದು, ನಾವೆಲ್ಲ ಒಂದಾಗಿ ಕಟ್ಟಬೇಕು, ಬೆಳೆಸಬೇಕು ಎಂದು ಭಾಷಣ ಬಿಗಿಯುತ್ತಿದ್ದಾಗ ಫೋನ್ ನಡುಗಿತು. ಸ್ಟೇಜಿನಿಂದ ಇಳಿದು ನೋಡಿದೆ. ಕೇಯ್ಲಾಳ ಮೆಸೇಜು.

“ಹತ್ತು ಜನ ಇದ್ದೆವು.”

ಅಷ್ಟೇ ಇತ್ತು. ಒಬ್ಬಳಿಗೆ ಮಗು ಹುಷಾರಿಲ್ಲದೆ ಬರಲಾಗಲಿಲ್ಲವಂತೆ. ನಾನಿದ್ದಿದ್ದರೆ ಹನ್ನೊಂದಾಗುತ್ತಿತ್ತು. ಎದುರಾಳಿಗಳು ಮೂರು ಗಂಟೆ ಡ್ರೈವ್ ಮಾಡಿ ಬಂದು, ಕೈಕುಲುಕಿ, ವಾಪಸ್ ಹೋಗಿದ್ದರು.

ಅವತ್ತಿನ ಊಟದ ಸಾಲು ನೋಡಬೇಕಿತ್ತು. ಒಬ್ಬಟ್ಟಿಗೆ ಅಷ್ಟು ಜನ. ಬೆಳಿಗ್ಗೆ ಕುರ್ಚಿ ಹಾಕಲು ಬಂದಿದ್ದವರು ಐದೇ ಜನ. ಸಾಲಿನಲ್ಲಿ ನಿಂತು ನಾನು ಯೋಚಿಸಿದೆ. ಸಿದ್ಧವಾದದ್ದಕ್ಕೆ ಬಂದು ಸೇರಿಕೊಳ್ಳುವುದು ನಮಗೆ ಎಷ್ಟು ಚೆನ್ನಾಗಿ ಬರುತ್ತದೆ! ರೇಟಿಂಗ್ ನೋಡಿ ಸ್ಕೂಲು, ಸ್ಕೂಲು ನೋಡಿ ಮನೆ, ಮನೆ ನೋಡಿ ಗೆಳೆಯರು. ಫ್ರಿಸ್ಕೋಗೆ ನಾವು ಬಂದದ್ದೇ ಹಾಗೆ. ಬಿದ್ದುಹೋದದ್ದನ್ನು ಎತ್ತಿ ನಿಲ್ಲಿಸುವ ವರ್ಷವೊಂದು ಇರುತ್ತದಲ್ಲ, ಆ ವರ್ಷ ಅಲ್ಲಿರಲು ಯಾರಿಗೂ ಇಷ್ಟವಿಲ್ಲ. ಮುಂದಿನ ವರ್ಷ ಗೆಲ್ಲುವಾಗ ಹೇಳಿ, ಬರುತ್ತೇವೆ.

ಮಂಗಳವಾರ ಹೆದರಿಕೊಂಡೇ ಪ್ರಾಕ್ಟೀಸಿಗೆ ಹೋದೆ. ಜೋ ಕೋನ್‌ಗಳನ್ನು ಜೋಡಿಸುತ್ತಿದ್ದಳು. ನನ್ನನ್ನು ಕಂಡು ಕೇಳಿದ ಮೊದಲ ಮಾತು, “ಮಗಳು ಹೇಗೆ ಕುಣಿದಳು?”

ಬೈದಿದ್ದರೆ ಚೆನ್ನಾಗಿತ್ತು.

ಆ ವಾರ ನಾನು ಜನ ಹುಡುಕಲು ಹೊರಟೆ. ನಮ್ಮ ಬಡಾವಣೆಯ ಅಮ್ಮಂದಿರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಹೆಬ್ಬೆರಳುಗಳ ಸುರಿಮಳೆ. ವಾವ್, ಸೋ ಇನ್‌ಸ್ಪೈರಿಂಗ್, ಗೋ ಗರ್ಲ್. ಒಬ್ಬರು ಮಗಳ ಕಾಲೇಜ್ ಅಪ್ಲಿಕೇಶನ್ನಿಗೆ ಇದು ಉಪಯೋಗವಾಗುತ್ತದೆಯೇ ಎಂದು ಕೇಳಿದರು. ಬಂದವಳು ಮಾತ್ರ ಒಬ್ಬಳೇ. ಮೂರನೇ ಮನೆಯ ಹರ್‌ಪ್ರೀತ್. ಆರಡಿ ಎತ್ತರದ ಪಂಜಾಬಿ, ಕೇಕ್ ಮಾಡುವವಳು. “ಅರೇ ಯಾರ್, ಎರಡು ಮಕ್ಕಳಾದ ಮೇಲೆ ಯಾರಾದ್ರೂ ನನ್ನನ್ನ ಆಟಕ್ಕೆ ಕರೀತಾರಾ ಅಂತ ಕಾಯ್ತಾ ಇದ್ದೆ. ಚಲೋ!” ಅಂದಳು. ನನ್ನ ಕ್ಲಿನಿಕ್ಕಿನ ಪಕ್ಕದ ಆಸ್ಪತ್ರೆಯ ಇಬ್ಬರು ನರ್ಸುಗಳನ್ನು ಕಾಫಿ ಕುಡಿಸಿ ಒಪ್ಪಿಸಿದೆ. ಕೇಯ್ಲಾ ತನ್ನ ಕಸಿನ್ ಒಬ್ಬಳನ್ನು ಎಳೆದು ತಂದಳು. ಹಳಬರಲ್ಲಿ ಮೂವರು ಕೈಬಿಟ್ಟರೂ ಆರನೇ ಆಟಕ್ಕೆ ಹದಿಮೂರು ಜನ. ಏಳನೆಯದರಲ್ಲಿ ಹರ್‌ಪ್ರೀತ್ ಇಬ್ಬರನ್ನು ಮೈಮೇಲೆ ಹೊತ್ತುಕೊಂಡೇ ಗೆರೆ ದಾಟಿ ಚೆಂಡು ಮುಟ್ಟಿಸಿದಳು. ಸೀಸನ್ನಿನ ನಮ್ಮ ಮೊದಲ ಐದು ಪಾಯಿಂಟು! ಮೂವತ್ತೆಂಟು–ಐದರಲ್ಲಿ ಸೋತೆವು. ನಮ್ಮ ಕುಣಿತವನ್ನು ಪಕ್ಕದ ಊರಿನವರು ನೋಡಿದ್ದರೆ ನಾವೇ ಗೆದ್ದೆವು ಎಂದುಕೊಳ್ಳುತ್ತಿದ್ದರು.

ಕೊನೆಯ ಆಟ ಹ್ಯೂಸ್ಟನ್‌ನಲ್ಲಿ.

ಪ್ರಕಾಶ್, ಅವ್ವ, ಅನ್ವಿ ಕಾರಿನಲ್ಲಿ ಬಂದರು. ಆಟ ಮುಗಿಸಿ ಅಲ್ಲೇ ಹತ್ತಿರದ ಪೇರ್‌ಲ್ಯಾಂಡ್‌ನ ದೇವಸ್ಥಾನಕ್ಕೆ ಹೋಗುವುದೆಂದು ಅವ್ವನಿಗೆ ಆಸೆ ತೋರಿಸಿದ್ದೆ. ಅವ್ವ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಅನ್ವಿಯ ಹಳೆಯ ಸ್ಪೋರ್ಟ್ಸ್ ಶೂ ಹಾಕಿಕೊಂಡು, ಕುರ್ಚಿಯ ಮೇಲೆ ಕೂತು ಕಿತ್ತಳೆ ಸುಲಿದು ನಮ್ಮವರಿಗೆಲ್ಲ ಕೊಟ್ಟಳು. ಹದಿಮೂರರಲ್ಲಿ ಒಬ್ಬಳಿಗೆ ಫ್ಲೂ, ಒಬ್ಬ ನರ್ಸಿಗೆ ಡ್ಯೂಟಿ. ಹನ್ನೊಂದು ಜನ ಇಳಿದೆವು.

ಮತ್ತೆ ಏನಾಯಿತೋ ಗೊತ್ತಿಲ್ಲ, ಅವತ್ತು ನಾವು ಆಡಿದೆವು. ಚೆಂಡು ಕೈಯಿಂದ ಕೈಗೆ ಸರಿಯಾಗಿ ಬಂತು. ಅರ್ಧ ಆಟಕ್ಕೆ ಹದಿನಾಲ್ಕು–ಹತ್ತು. ನಾಲ್ಕೇ ಪಾಯಿಂಟು ಹಿಂದೆ! ಜೋ ಟೊಪ್ಪಿ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದಳು.

ಎರಡನೇ ಭಾಗ ಶುರುವಾದ ಮೂರನೇ ನಿಮಿಷಕ್ಕೆ ಕೇಯ್ಲಾ ಬಿದ್ದಳು. ಅವಳ ಕಾಲು ಕೆಳಗೆ, ಮೂವರು ಮೇಲೆ.

ರೆಫರಿ ಸೀಟಿ ಊದಿದ. ನಾನು ಓಡಿದೆ. ಅಲ್ಲಿಯವರೆಗೆ ಆಟಗಾರ್ತಿ, ಆ ಕ್ಷಣದಿಂದ ಫಿಸಿಯೋ. ಶೂ ಬಿಚ್ಚಿ ಪಾದದ ಗಂಟಿನ ಹೊರಗಡೆ ಮೂಳೆ ಒತ್ತಿದೆ. ಕೇಯ್ಲಾ ಕಿರುಚಲಿಲ್ಲ, ಹುಲ್ಲು ಕಿತ್ತು ಹಿಡಿದುಕೊಂಡಳು. ನಾಲ್ಕು ಹೆಜ್ಜೆ ನಡೆ ಎಂದೆ. ಎರಡನೇ ಹೆಜ್ಜೆಗೆ ಮುಖ ಬಿಳಿಚಿಕೊಂಡಿತು.

“ಟೇಪ್ ಸುತ್ತು” ಅಂದಳು.

“ಇಲ್ಲ ಕೇಯ್ಲಾ.”

“ನಾನು ಓಡಲ್ಲ. ಮೂಲೆಯಲ್ಲಿ ನಿಂತಿರ್ತೀನಿ. ನೀನು ಆಸ್ಟಿನ್‌ನಲ್ಲಿ ನಿಂತಿದ್ಯಲ್ಲ, ಹಾಗೆ.”

“ಇಲ್ಲ.”

“ಜೇ, ನಾನು ಹೊರಗೆ ಹೋದ್ರೆ ಹತ್ತು ಜನ. ಎರಡನೇ ಸಲ. ಕ್ಲಬ್ ಮುಗೀತು. ನಿನಗೆ ಅರ್ಥ ಆಗ್ತಿದ್ಯಾ?”

ಅರ್ಥವಾಗುತ್ತಿತ್ತು. ಮೊದಲನೇ ಸಲ ಹತ್ತಾದದ್ದು ನನ್ನಿಂದ. ಎರಡನೇ ಸಲವೂ ನಾನೇ ಆಗಬೇಕೇ? ಟೇಪ್ ನನ್ನ ಕೈಯಲ್ಲೇ ಇತ್ತು. ಉಳಿದದ್ದು ಮೂವತ್ತೇಳು ನಿಮಿಷದ ಆಟ. ಮೂಲೆಯಲ್ಲಿ ನಿಲ್ಲುವುದು. ಬಹುಶಃ ಏನೂ ಆಗುವುದಿಲ್ಲ. ಬಹುಶಃ.

ಜೋ ಕಡೆ ನೋಡಿದೆ. ಅವಳು ಗೆರೆಯಾಚೆ ನಿಂತಿದ್ದಳು. ಅವಳ ಗಂಡ ನಿಲ್ಲಿಸಿದ ಕಂಬಗಳು, ಅವಳ ಇಷ್ಟು ವರ್ಷ, ಎಲ್ಲ ಈಗ ನನ್ನ ಕೈಯಲ್ಲಿದ್ದ ಒಂದು ಟೇಪಿನ ಸುರುಳಿಯ ಮೇಲೆ ನಿಂತಿದ್ದವು.

“ನನ್ನನ್ನ ನೋಡಬೇಡ” ಅಂದಳು ಜೋ. “ನಾನು ದನದ ಡಾಕ್ಟರು. ಮನುಷ್ಯರದ್ದು ನೀನು ಹೇಳಬೇಕು.”

ಅಷ್ಟರಲ್ಲಿ ಅವ್ವ ಕುರ್ಚಿಯಿಂದ ಎದ್ದು ಬಂದಿದ್ದಳು. ಅನ್ವಿ ಅವಳಿಗೆ ಎಲ್ಲ ಬಿಡಿಸಿ ಹೇಳಿರಬೇಕು. ಎಪ್ಪತ್ತೊಂದು ವರ್ಷದ ನಮ್ಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು, “ಒಬ್ಬಾಕಿ ಕಡಿಮಿ ಆಗ್ಯಾಳಂತಲ್ಲ? ನಾ ನಿಂದರ್ಲೇನ? ಸುಮ್ನ ಮೂಲ್ಯಾಗ ನಿಂದರ್ತೀನಿ, ಯಾರಿಗೂ ಅಡ್ಡ ಬರೂದಿಲ್ಲ.”

ನನಗೆ ಅಳು ಬಂತು. ಅಳುತ್ತಲೇ ರೆಫರಿಯತ್ತ ತಿರುಗಿ, “ಇವಳು ಹೊರಗೆ. ಮತ್ತೆ ಬರುವ ಹಾಗಿಲ್ಲ” ಎಂದೆ. ಅವನು ಎಣಿಸಿದ. ಹತ್ತು. ಕಾರ್ಡಿನಲ್ಲಿ ಏನೋ ಬರೆದುಕೊಂಡು ಉದ್ದವಾಗಿ ಸೀಟಿ ಊದಿದ.

ಕೇಯ್ಲಾ ನನ್ನ ಹೆಗಲಿನ ಆಸರೆ ಬೇಡವೆಂದು ಕೈ ತಳ್ಳಿ, ಹರ್‌ಪ್ರೀತ್‌ಳನ್ನು ಹಿಡಿದುಕೊಂಡು ಹೋದಳು.

ಜೋ ಹತ್ತಿರ ಹೋಗಿ ನಿಂತೆ. ಅವಳು ನನ್ನ ಕೈಯಿಂದ ಟೇಪ್ ತೆಗೆದುಕೊಂಡು ಬ್ಯಾಗಿಗೆ ಹಾಕಿದಳು. “ಒಂದು ಕಾಲಿನ ಮೇಲೆ ನಿಲ್ಲೋ ಕ್ಲಬ್ ನನಗೆ ಬೇಡ” ಅಂದಳು. ದನಿ ಗಟ್ಟಿಯಾಗಿತ್ತು. ಕಣ್ಣು ಹಾಗಿರಲಿಲ್ಲ.

ಆಗ ಹ್ಯೂಸ್ಟನ್ ಕ್ಯಾಪ್ಟನ್ ಬಂದಳು. ಮೈಯೆಲ್ಲ ಕೆಸರು. “ಲೆಕ್ಕಕ್ಕೆ ಬರಲ್ಲ, ಗೊತ್ತು. ಆದರೆ ನಾವು ಬಟ್ಟೆ ಕೊಳೆ ಮಾಡ್ಕೊಂಡಾಗಿದೆ. ನಾಲ್ಕು ಜನರನ್ನ ನಿಮ್ಮ ಕಡೆ ಕೊಡ್ತೀನಿ. ಆಡೋಣವಾ?”

ಆಡಿದೆವು! ಹತ್ತು ಜನ ನಾವು, ನಾಲ್ಕು ಜನ ಅವರದೇ. ರೆಫರಿಯೂ ಹೋಗದೆ ಉಳಿದ. ಬೋರ್ಡಿನ ಮೇಲಿನ ಸ್ಕೋರು ಅಳಿಸಿದ್ದರು, ಆದ್ದರಿಂದ ಎಷ್ಟಕ್ಕೆ ಮುಗಿಯಿತು ಎಂದು ನನ್ನನ್ನು ಕೇಳಬೇಡಿ.

ಒಂದು ಮಾತ್ರ ಹೇಳಬಲ್ಲೆ. ಕೊನೆಕೊನೆಗೆ ಅವರ ಕಡೆಯ ಗಟ್ಟಿಮುಟ್ಟು ಹೆಂಗಸೊಬ್ಬಳು ಚೆಂಡು ಎದೆಗವಚಿಕೊಂಡು ಎಲ್ಲರನ್ನೂ ದಾಟಿ ಬಂದಳು. ನನ್ನ ಹಿಂದೆ ಗೆರೆ ಬಿಟ್ಟರೆ ಏನೂ ಇರಲಿಲ್ಲ. ಕಾಲು ಪಕ್ಕಕ್ಕೆ ಹೋಗಲು ನೋಡಿತು. ಅದು ನನಗೆ ಗೊತ್ತಾಯಿತು, ಕಾಲಿನೊಳಗಿನ ಆ ಹಳೆಯ ಅಭ್ಯಾಸ. ಬಿಡಲಿಲ್ಲ. ಮೊಣಕಾಲು ಬಗ್ಗಿಸಿದೆ, ತಲೆ ಪಕ್ಕಕ್ಕಿಟ್ಟೆ, ನಿಂತೆ.

ಬಸ್ಸು ಗುದ್ದಿದ ಹಾಗಾಯಿತು. ಅವಳ ಸೊಂಟದ ಮೂಳೆ ನನ್ನ ಕಣ್ಣಿಗೆ ಬಡಿಯಿತು. ಆದರೆ ನನ್ನ ಕೈಗಳು ಅವಳ ಕಾಲುಗಳನ್ನು ಸುತ್ತಿಕೊಂಡಿದ್ದವು. ಇಬ್ಬರೂ ದೊಪ್ಪೆಂದು ಬಿದ್ದೆವು. ಚೆಂಡು ಉರುಳಿ ಹೊರಗೆ ಹೋಯಿತು.

ಕೆಸರಿನಲ್ಲಿ ಬಿದ್ದಿದ್ದ ನನಗೆ ಕೇಳಿಸಿದ್ದು ಒಂದೇ ದನಿ. “ದಟ್ಸ್ ಮೈ ಮಾಮ್! ದಟ್ಸ್ ಮೈ ಮಾಮ್!” ಗೆರೆಯುದ್ದಕ್ಕೂ ಅನ್ವಿ ಓಡುತ್ತಿದ್ದಳು.

ಕೆಡವಿಸಿಕೊಂಡವಳೇ ಕೈಕೊಟ್ಟು ನನ್ನನ್ನು ಎಬ್ಬಿಸಿದಳು. “ಒಳ್ಳೆ ಹಿಡಿತ” ಅಂದಳು. ನನ್ನ ವೃತ್ತಿಯಲ್ಲಿ ಯಾವ ಸರ್ಟಿಫಿಕೇಟೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.

ಸಂಜೆ ಪೇರ್‌ಲ್ಯಾಂಡ್‌ಗೆ ಹೋದೆವು. ಕ್ಲಬ್ಬಿನವರ ಶವರ್‌ನಲ್ಲಿ ಸ್ನಾನ ಮಾಡಿ ಸಲ್ವಾರ್ ಹಾಕಿದ್ದರೂ ಕಣ್ಣು ಮುಚ್ಚಿಡಲು ಆಗುತ್ತದೆಯೇ? ದೇವಸ್ಥಾನದಲ್ಲಿ ಜನ ನನ್ನನ್ನೊಮ್ಮೆ, ಪ್ರಕಾಶ್‌ನನ್ನೊಮ್ಮೆ ನೋಡಿದರು. (ಪಾಪ, ಅವನು ಉದ್ದಕ್ಕೂ ತಲೆ ತಗ್ಗಿಸಿಕೊಂಡೇ ಪ್ರದಕ್ಷಿಣೆ ಹಾಕಿದ.) ಅವ್ವ ಮಾತ್ರ ಗರ್ಭಗುಡಿಯ ಮುಂದೆ ಕೈಮುಗಿದು ಎಲ್ಲರಿಗೂ ಕೇಳುವ ಹಾಗೆ ಬೇಡಿಕೊಂಡಳು.

“ತಾಯೀ, ಈ ಹುಡುಗ್ಯಾರಿಗೆ ಇನ್ನಷ್ಟು ಮಂದೀನ ಕೊಡವಾ.”

ಬುಧವಾರ ಕೇಯ್ಲಾಳ ಎಕ್ಸ್‌ರೇ ಬಂತು. ಮೂಳೆ ಮುರಿದಿರಲಿಲ್ಲ. ಹರಿದದ್ದು ಮೂಳೆಗಳನ್ನು ಹಿಡಿದಿಡುವ ಕಟ್ಟು, ಲಿಗಮೆಂಟ್, ಮಾತ್ರ.

ಅಂದರೆ ಟೇಪ್ ಸುತ್ತಿದ್ದರೆ ಅವಳು ನಿಂತಿರುತ್ತಿದ್ದಳೇನೋ. ಕ್ಲಬ್ ಉಳಿದಿರುತ್ತಿತ್ತೇನೋ. ಆ ಸುದ್ದಿ ಕೇಳಿದ ಮೇಲೆ ಎರಡು ದಿನ ಮತ್ತೆ ಮತ್ತೆ ಅದೇ ಮೂಳೆಯನ್ನು ಮನಸ್ಸಿನಲ್ಲೇ ಒತ್ತಿ ನೋಡಿದೆ. ಮೂಳೆಯೊಳಗೆ ಏನಿದೆ ಎಂದು ಬೆರಳಿಗೆ ಕಾಣುವುದಿಲ್ಲ. ಕಾಣದಿದ್ದಾಗ “ಇಲ್ಲ, ಆಡಬೇಡ” ಎನ್ನುವುದಷ್ಟೇ ನನ್ನ ಕೆಲಸ. ನಾಳೆ ಅದೇ ಕಾಲು, ಅದೇ ಎರಡು ಹೆಜ್ಜೆ ಎದುರಿಗೆ ಬಂದರೂ ಇಲ್ಲ ಎಂದೇ ಹೇಳುತ್ತೇನೆ. ರಾಜ್ಯೋತ್ಸವದ ಶನಿವಾರದ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿದೆ. ಹ್ಯೂಸ್ಟನ್ ಬಗ್ಗೆ ಇಲ್ಲ.

ಮುಂದಿನ ಮಂಗಳವಾರ ಪ್ರಾಕ್ಟೀಸಿಗೆ ಹೋದೆ. ಸೀಸನ್ ಮುಗಿದಿತ್ತು, ಲೀಗೂ ಮುಗಿದಿತ್ತು. ಯಾಕೆ ಹೋದೆನೋ, ಕಾರು ತಾನೇ ಹೋಯಿತು. ನೋಡಿದರೆ ಏಳು ಕಾರು ನಿಂತಿದ್ದವು. ಜೋ ಏಣಿಯ ಮೇಲಿದ್ದಳು, ಎಡಗೈಯಲ್ಲಿ ಕಂಬಕ್ಕೆ ಬಣ್ಣ ಹೊಡೆಯುತ್ತಿದ್ದಳು. ಕೇಯ್ಲಾ ಕಂಕುಳಿಗೆ ಊರುಗೋಲು ಕೊಟ್ಟುಕೊಂಡು ಏಣಿಗೆ ಒರಗಿ ನಿಂತಿದ್ದಳು. ಅವಳು ನನ್ನೊಡನೆ ಮಾತು ಬಿಟ್ಟು ಹತ್ತು ದಿನವಾಗಿತ್ತು.

“ಅವತ್ತು ನಿನ್ನನ್ನ ಕೊಂದುಬಿಡಬೇಕು ಅನ್ನಿಸಿತ್ತು” ಅಂದಳು.

“ಗೊತ್ತು.”

“ಎಕ್ಸ್‌ರೇ ನೋಡಿ ಇನ್ನೂ ಸಿಟ್ಟು ಬಂತು. ಮನೇಲಿ ಅಮ್ಮನ ಹತ್ರ ಕೂಗಾಡಿದೆ. ಅಮ್ಮ ಎಲ್ಲ ಕೇಳಿಸ್ಕೊಂಡು, ನಿನ್ನನ್ನ ತಡೆದವಳು ಯಾರು, ಅವಳನ್ನ ಊಟಕ್ಕೆ ಕರಿ ಅಂದಳು.” ಊರುಗೋಲು ಸರಿಮಾಡಿಕೊಂಡು ಸೇರಿಸಿದಳು. “ಭಾನುವಾರ. ನೀನು ಮಾಂಸ ತಿನ್ನಲ್ಲ ಅಂತ ಹೇಳಿದ್ದೀನಿ. ಅವಳಿಗೆ ಅದೊಂದು ಚಿಂತೆ ಆಗಿದೆ.”

ಹೋಗಿ ಊಟ ಮಾಡಿ ಬಂದೆ. ಬೀನ್ಸು, ಜೋಳದ ರೊಟ್ಟಿಯಂಥದ್ದೊಂದು ಬ್ರೆಡ್ಡು. ಕೇಯ್ಲಾಳ ಅಮ್ಮ ಮತ್ತೆ ಮತ್ತೆ ಬಡಿಸಿದಳು. ಹೊರಡುವಾಗ ನನ್ನ ಮುಖ ಎರಡೂ ಕೈಯಲ್ಲಿ ಹಿಡಿದು, ಹಳದಿಗೆ ತಿರುಗುತ್ತಿದ್ದ ನನ್ನ ಕಣ್ಣಿನ ಸುತ್ತಲನ್ನು ನೋಡಿ ತಲೆಯಾಡಿಸಿದಳು.

ಲೀಗಿನವರ ಪತ್ರ ಕಳೆದ ವಾರ ಬಂದಿದೆ. ನಿರೀಕ್ಷಿಸಿದ್ದೇ. ಮುಂದಿನ ಸೀಸನ್ನಿಗೆ ನಾವು ಹೊರಗೆ. ಆದರೆ ಕೊನೆಯಲ್ಲಿ ಒಂದು ಸಾಲಿತ್ತು. ಜನವರಿ ಮುಗಿಯುವುದರೊಳಗೆ ಹದಿನೈದು ಆಟಗಾರ್ತಿಯರ ಹೆಸರು, ಸೈನ್ ಸಮೇತ ಕಳಿಸಿದರೆ ಹೊಸ ಕ್ಲಬ್ ಎಂದು ಅರ್ಜಿ ಪರಿಶೀಲಿಸುತ್ತಾರಂತೆ.

ಜೋ ಆ ಪತ್ರವನ್ನು ವ್ಯಾನಿನ ಬಾನೆಟ್ ಮೇಲಿಟ್ಟು ಎರಡು ಸಲ ಓದಿದಳು. ಆಮೇಲೆ ಒಂದು ಬಿಳಿ ಹಾಳೆ ತೆಗೆದು ಒಂದರಿಂದ ಹದಿನೈದರವರೆಗೆ ಅಂಕಿ ಬರೆದು, ಪೆನ್ನನ್ನು ನಮ್ಮ ಕಡೆ ಚಾಚಿದಳು. ಕೇಯ್ಲಾ ಮೊದಲು ಬರೆದಳು, ನಾನು ಎರಡನೆಯವಳು. (ಈ ಸಲ ಓದಿಯೇ ಸೈನ್ ಮಾಡಿದೆ.) ಫ್ಲೂ ಬಂದಿದ್ದವಳು ಬರೆದಳು. ಹ್ಯೂಸ್ಟನ್‌ಗೆ ಬರಲಾಗದ ನರ್ಸ್ ತನ್ನ ಜೊತೆ ಇನ್ನೊಬ್ಬಳನ್ನು ಕರೆದುಕೊಂಡು ಬಂದು ಇಬ್ಬರ ಹೆಸರೂ ಬರೆಸಿದಳು.

ಆ ಹಾಳೆ ಈಗ ನನ್ನ ಬ್ಯಾಗಿನಲ್ಲಿದೆ. ಹದಿನಾಲ್ಕು ಹೆಸರು ಆಗಿವೆ.

ಮಂಗಳವಾರ ಸಂಜೆ ನೀವೇನು ಮಾಡುತ್ತಿದ್ದೀರಿ?